ಮಸ್ಕತ್‌ಗೆ ಹೊರಟವರು ನಿಜ್ವಾದಲ್ಲಿ ಇಳಿದೆವು

"ನಿಮಗೇನ್ ಕಮ್ಮಿ ಆಗೇದವ್ವಾ, ಗಲ್ಫಿನ್ಯಾಗ ಇರಾವ್ರು. ಎರಡ ದಿನ ರಜಾ ಸಿಕ್ರ ಒಂದ ದೇಶ ದಾಟಿ ಇನ್ನೊಂದ ದೇಶಕ್ಕ ಹೋಗ್ತೀರಿ."

ಊರಿಗೆ ಹೋದಾಗಲೆಲ್ಲ ಬಿಜ್ಜರಗಿಯಲ್ಲಿ ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ಯಾರಾದರೊಬ್ಬರು ಈ ಮಾತು ಅಂದೇ ಅನ್ನುತ್ತಾರೆ. ನಾನು ನಕ್ಕು ಸುಮ್ಮನಾಗುತ್ತೇನೆ. ನಿಜ ಹೇಳಬೇಕೆಂದರೆ, ಶಾರ್ಜಾಕ್ಕೆ ಬಂದ ಮೊದಲ ಹನ್ನೊಂದು ವರ್ಷ ನಾವು ದಾಟಿದ ಗಡಿಯೆಂದರೆ ಶಾರ್ಜಾ ಮತ್ತು ದುಬೈ ನಡುವಿನದೊಂದೇ. ಅಲ್ಲಿ ಪಾಸ್‌ಪೋರ್ಟ್ ಕೇಳುವುದಿಲ್ಲ, ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ ಕೂರಿಸುತ್ತಾರೆ ಅಷ್ಟೆ.

ನಮ್ಮವರದು ಎ.ಸಿ. ದುರಸ್ತಿಯ ಕೆಲಸ. ವಾರಕ್ಕೆ ಆರು ದಿನ ದುಡಿತ, ಏಳನೆಯ ದಿನ ನಿದ್ದೆ, ತರಕಾರಿ, ಮಕ್ಕಳ ಹೋಂವರ್ಕ್. ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಕಟ್ಟಡದ ಹೆಂಗಸರ ಅಬಾಯಾ ಗಿಡ್ಡ ಮಾಡಿಕೊಡುವುದು, ಸಲ್ವಾರ್ ಹೊಲಿಯುವುದು. ಅದರಲ್ಲಿ ಉಳಿದ ಹತ್ತು ಇಪ್ಪತ್ತು ದಿರ್ಹಮ್‌ಗಳನ್ನು ಹಾಲಿನ ಪುಡಿಯ ಖಾಲಿ ಡಬ್ಬಿಯಲ್ಲಿ ಹಾಕಿಡುತ್ತಿದ್ದೆ. 2023ರ ನವೆಂಬರ್ ಹೊತ್ತಿಗೆ ಅದು 1,800 ದಿರ್ಹಮ್ ಆಗಿತ್ತು. ಆ ವರ್ಷ ಡಿಸೆಂಬರ್ 2, 3ರ ರಾಷ್ಟ್ರೀಯ ದಿನದ ರಜೆ ಶನಿವಾರ, ಭಾನುವಾರ ಬಿದ್ದು, ಸೋಮವಾರವೂ ಸೇರಿ ಮೂರು ದಿನ ಒಟ್ಟಿಗೆ ಸಿಕ್ಕಿತು. ಮಸ್ಕತ್‌ಗೆ ಹೋಗೋಣ ಅಂದೆ.

ಮಸ್ಕತ್ ಯಾಕೆಂದರೆ, ಅಲ್ಲಿನ ಸುಲ್ತಾನ್ ಕಾಬೂಸ್ ಮಹಾ ಮಸೀದಿಯ ಜಮಖಾನೆಯ ಬಗ್ಗೆ ಓದಿದ್ದೆ. 2001ರಲ್ಲಿ ಉದ್ಘಾಟನೆಯಾದ ಮಸೀದಿ ಅದು. ಒಳಗೆ ಹಾಸಿರುವ ಜಮಖಾನೆ ಒಂದೇ ಒಂದು, 70 ಮೀಟರ್ ಉದ್ದ, 60 ಮೀಟರ್ ಅಗಲ. ಇರಾನಿನ ಆರುನೂರು ಹೆಣ್ಣುಮಕ್ಕಳು ಕೈಯಿಂದ ನೇಯ್ದದ್ದು, ನಾಲ್ಕು ವರ್ಷ ಹಿಡಿದ ಕೆಲಸ. ಅದರಲ್ಲಿರುವ ಗಂಟುಗಳು 170 ಕೋಟಿ. ಹೊಲಿಗೆ ಮಾಡುವವಳಿಗೆ ಈ ಲೆಕ್ಕ ಸುಮ್ಮನೆ ಬಿಡುತ್ತದೆಯೇ? ಒಂದು ಅಬಾಯಾದ ಅಂಚಿಗೆ ಕೈಹೊಲಿಗೆ ಹಾಕುವುದರಲ್ಲಿ ನನ್ನ ಕುತ್ತಿಗೆ ಸೋಲುತ್ತದೆ. ಆ ಹೆಂಗಸರ ಕೆಲಸವನ್ನು ಕಣ್ಣಾರೆ ನೋಡಿ, ಅದರ ಮೇಲೆ ಎರಡು ರಕಾತ್ ನಮಾಝ್ ಮಾಡಬೇಕೆಂಬ ಆಸೆ.

ನಮ್ಮವರು ಒಪ್ಪಿದರು. ಒಮಾನಿನ ಇ-ವೀಸಾ ಆಯಿತು. ಕಾರಿಗೆ ಆರೆಂಜ್ ಕಾರ್ಡ್, ಅಂದರೆ ಒಮಾನಿನಲ್ಲೂ ನಡೆಯುವ ವಿಮೆ, ಅದೂ ಆಯಿತು. ಮಕ್ಕಳಿಬ್ಬರನ್ನು ನೋಡಿಕೊಳ್ಳಲು ಪಕ್ಕದ ಮನೆಯ ಭಟ್ಕಳದ ಆಪಾ ತಾವಾಗಿಯೇ ಮುಂದೆ ಬಂದರು. "ಮದುವೆಯಾಗಿ ಇಷ್ಟು ವರ್ಷ ಒಮ್ಮೆಯೂ ಇಬ್ಬರೇ ಹೋಗಿಲ್ಲವಾ? ಹೋಗಿ ಬನ್ನಿ" ಎಂದು ಗದರಿಸಿದರು ಕೂಡ.

ಗುರುವಾರ ರಾತ್ರಿ ಊರಿನಿಂದ ಫೋನ್ ಬಂತು, ಮೈದುನನದು.

2023 ಎಂಥ ವರ್ಷವೆಂದು ನಿಮಗೆ ನೆನಪಿರಬಹುದು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರವೇ ಸಾರಿದ ವರ್ಷ. ನಮ್ಮ ಟಿಕೋಟಾ, ಬಬಲೇಶ್ವರದ ಕಡೆ ಬದುಕೆಂದರೆ ದ್ರಾಕ್ಷಿ. ಅಕ್ಟೋಬರಿನಲ್ಲಿ ಚಾಟ್ನಿ ಮಾಡಿದ ಬಳ್ಳಿ ನವೆಂಬರ್ ಕೊನೆಗೆ ಕಾಯಿ ಕಟ್ಟುತ್ತದೆ. ಆಗ ನೀರು ತಪ್ಪಿದರೆ ವರ್ಷದ ದುಡಿಮೆ ಹೋಯಿತೆಂದೇ ಲೆಕ್ಕ. ನಮ್ಮ ಮನೆಯದು ನಾಲ್ಕು ಎಕರೆ ತೋಟ. ಇದ್ದ ಒಂದು ಬೋರ್ ನಿಂತಿದೆ, ಟ್ಯಾಂಕರ್ ತರಿಸಬೇಕು, ದುಡ್ಡು ಬೇಕು ಅಂದ ಮೈದುನ.

ನಮ್ಮವರು ಅಡುಗೆಮನೆ ಬಾಗಿಲಲ್ಲಿ ಬಂದು ನಿಂತರು. "ಈ ಸಲ ಬ್ಯಾಡ ಬಿಡು" ಅಂದರು.

ನಾನೇನೂ ಅನ್ನಲಿಲ್ಲ. ಪಾತ್ರೆಗಳನ್ನು ಮಾತ್ರ ಸ್ವಲ್ಪ ಜೋರಾಗಿ ತೊಳೆದೆ. ಬೇಡವೆನ್ನಲು ನನಗೆ ಬಾಯಿ ಎಲ್ಲಿತ್ತು? ಬಳ್ಳಿ ಒಣಗುವಾಗ ಜಮಖಾನೆ ನೋಡಬೇಕೆನ್ನುವುದು ನನಗೇ ನಾಚಿಕೆಯಾಗಿ ಕಂಡಿತು. ಆದರೆ ಹನ್ನೊಂದು ವರ್ಷದಲ್ಲಿ ಪ್ರತಿ ಸಲವೂ ಹೀಗೇ ಒಂದಿಲ್ಲೊಂದು ಬಂದಿದೆ. ಒಮ್ಮೆ ಛಾವಣಿ, ಒಮ್ಮೆ ಮಾವನವರ ಆಪರೇಷನ್, ಎಲ್ಲಕ್ಕೂ ಹಿಂದೆ ತಿಂಗಳು ತಿಂಗಳೂ ಹೋಗುವ ಒಂದು ಸಾಲದ ಕಂತು. ಆ ಸಾಲದ ಮಾತು ಮುಂದೆ ಬರುತ್ತದೆ.

ಬೆಳಿಗ್ಗೆ ಅವರೇ ಡಬ್ಬಿ ತೆರೆದು ಎಣಿಸಿದರು. ಸಾವಿರ ದಿರ್ಹಮ್, ಅಂದರೆ ಆಗಿನ ದರದಲ್ಲಿ ಇಪ್ಪತ್ತೆರಡೂವರೆ ಸಾವಿರ ರೂಪಾಯಿಯ ಚಿಲ್ಲರೆ, ಟ್ಯಾಂಕರಿಗೆ ಕಳಿಸಿದೆವು. ಉಳಿದದ್ದು ಎಂಟುನೂರು. ವೀಸಾಕ್ಕೆ ಕೊಟ್ಟ ಹಣವಂತೂ ವಾಪಸ್ ಬರುವುದಿಲ್ಲ. "ಎಂಟನೂರದಾಗ ಮಸ್ಕತ್ ಆಗಂಗಿಲ್ಲ. ನಿಜ್ವಾ ತನಕ ಹೋಗಿ, ಒಂದ ರಾತ್ರಿ ಇದ್ದು ಬರೂಣು" ಅಂದರು. ನಿಜ್ವಾ ಎಂಬ ಊರಿದೆಯೆಂದೇ ನನಗೆ ಆಗ ಗೊತ್ತಿರಲಿಲ್ಲ.

ಶನಿವಾರ ಫಜ್ರ್ ಮುಗಿಸಿ ಹೊರಟೆವು. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬೇಯಿಸಿದ ಮೊಟ್ಟೆ. ಜೋಳದ ಖಡಕ್ ರೊಟ್ಟಿಯಂಥ ಪ್ರಯಾಣದ ಊಟ ಇನ್ನೊಂದಿಲ್ಲ, ತಿಂಗಳಾದರೂ ಕೆಡುವುದಿಲ್ಲ. ಅಂದು ದುಬೈ ಹಾದಿಯಲ್ಲಿ ಎಲ್ಲೆಲ್ಲೂ ಪೊಲೀಸರು. ಹವಾಮಾನದ ಬಗ್ಗೆ ಮಾತಾಡಲು ಜಗತ್ತಿನ ನಾಯಕರೆಲ್ಲ ಅದೇ ವಾರ ದುಬೈಗೆ ಬಂದಿದ್ದರು, ಕಾಪ್ 28 ಸಮಾವೇಶಕ್ಕೆ. ಮಳೆ ಯಾಕೆ ಬರುತ್ತಿಲ್ಲವೆಂದು ಅವರು ಅಲ್ಲಿ ಚರ್ಚಿಸುತ್ತಿದ್ದರು. ನಮ್ಮ ಮೈದುನ ಇತ್ತ ಟ್ಯಾಂಕರಿನವನಿಗೆ ಫೋನ್ ಹಚ್ಚುತ್ತಿದ್ದ.

ಒಂದು ಸಂಗತಿ ಹೇಳಿಬಿಡುತ್ತೇನೆ. ಅಲ್ ಐನ್ ಬರುವ ತನಕ ನಾವು ಹೆಚ್ಚುಕಡಿಮೆ ಮಾತೇ ಆಡಲಿಲ್ಲ. ಜಗಳವೇನಿಲ್ಲ, ಮಾತು ಇರಲಿಲ್ಲ ಅಷ್ಟೆ. ಹಿಂದಿನ ಸೀಟಿನಲ್ಲಿ ಮಕ್ಕಳಿಲ್ಲದೆ ನಾವಿಬ್ಬರೇ ಕಾರಿನಲ್ಲಿ ಕೂತದ್ದು ನೆನಪೇ ಇಲ್ಲ. ಫೀಸು, ರೇಷನ್, ಊರಿಗೆ ಕಳಿಸುವ ಹಣ ಬಿಟ್ಟರೆ ಏನು ಮಾತಾಡಬೇಕೆಂದು ಇಬ್ಬರಿಗೂ ತೋಚದು. ಮದುವೆಯಾದ ಹೊಸತರಲ್ಲಿ ಹೀಗಿರಲಿಲ್ಲ. ನಿಮ್ಮಲ್ಲೂ ಕೆಲವರಿಗೆ ಈ ಅನುಭವ ಆಗಿರಬಹುದು.

ಮೆಝ್ಯದ್ ಗಡಿಯಲ್ಲಿ ತಲೆಗೆ ಮೂವತ್ತೈದು ದಿರ್ಹಮ್ ಚಿಲ್ಲರೆ ಕಟ್ಟಿ, ಈಚೆ ಒಂದು ಮೊಹರು, ಆಚೆ ಒಂದು ಮೊಹರು ಒತ್ತಿಸಿಕೊಂಡು ಒಮಾನಿನೊಳಗೆ ಬಂದೆವು. ನನ್ನ ಪಾಸ್‌ಪೋರ್ಟಿನಲ್ಲಿ ಭಾರತ, ಯು.ಎ.ಇ. ಬಿಟ್ಟು ಮೂರನೆಯ ದೇಶದ ಮೊಹರು ಅದೇ ಮೊದಲು. ಕೊಲ್ಲಿಯಲ್ಲಿ ಇಷ್ಟು ವರ್ಷ ಮರಳು, ಗಾಜಿನ ಕಟ್ಟಡ ನೋಡಿದ ಕಣ್ಣಿಗೆ ಇಬ್ರಿ ದಾಟಿದ ಮೇಲೆ ಕಾಣುವ ಬೋಳು ಗುಡ್ಡಗಳು ಬೇರೆಯೇ ಲೋಕ. ಬಹ್ಲಾದ ಮಣ್ಣಿನ ಕೋಟೆಯನ್ನು ಕಾರಿನಿಂದಲೇ ನೋಡಿದೆವು. ಅದು 1987ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ನಿಜ್ವಾ ಮುಟ್ಟಿದಾಗ ಝುಹರ್ ದಾಟಿತ್ತು. ಕಾರಿನ ಮೀಟರು ನಾನೂರು ಕಿಲೋಮೀಟರಿನ ಹತ್ತಿರ ತೋರಿಸುತ್ತಿತ್ತು.

ನಿಜ್ವಾದ ಕೋಟೆಯ ದುಂಡು ಬುರುಜನ್ನು ಇಮಾಮ್ ಸುಲ್ತಾನ್ ಬಿನ್ ಸೈಫ್ ಹದಿನೇಳನೆಯ ಶತಮಾನದ ನಡುವಿನಲ್ಲಿ ಕಟ್ಟಿಸಿದ. ಹನ್ನೆರಡು ವರ್ಷ ಹಿಡಿಯಿತೆನ್ನುತ್ತಾರೆ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಸಮುದ್ರದ ಈಚೆ ನಮ್ಮ ಬಿಜಾಪುರದಲ್ಲಿ ಮುಹಮ್ಮದ್ ಆದಿಲ್ ಶಾಹನ ಗೋಳಗುಮ್ಮಟ ಏಳುತ್ತಿತ್ತು. (2014ರಿಂದ ಅದು ವಿಜಯಪುರ, ಆದರೆ ನನ್ನ ನಾಲಿಗೆಗೆ ಬಿಜಾಪುರವೇ ಬರುತ್ತದೆ.) ಕೋಟೆಯೊಳಗೆ ನಾನು ಹೆಚ್ಚು ಹೊತ್ತು ನಿಂತದ್ದು ತೋಪುಗಳ ಮುಂದಲ್ಲ, ಖರ್ಜೂರದ ಉಗ್ರಾಣದಲ್ಲಿ. ನೆಲದ ತುಂಬ ಏಣು, ನಡುನಡುವೆ ಸಣ್ಣ ಕಾಲುವೆ. ಅದರ ಮೇಲೆ ಖರ್ಜೂರದ ಚೀಲಗಳನ್ನು ಒಂದರ ಮೇಲೊಂದು ಒಟ್ಟುತ್ತಿದ್ದರಂತೆ. ಮೇಲಿನ ಭಾರಕ್ಕೆ ಕೆಳಗಿನ ಹಣ್ಣಿನ ರಸ ತಾನಾಗಿ ಇಳಿದು, ಕಾಲುವೆಯಲ್ಲಿ ಹರಿದು ಗಡಿಗೆ ಸೇರುತ್ತಿತ್ತು. ತಿನ್ನಲು ಅದೇ ಪಾಕ. ಶತ್ರು ಬಾಗಿಲಿಗೆ ಬಂದರೆ ಕುದಿಸಿ ಮೇಲಿಂದ ಸುರಿಯಲೂ ಅದೇ! ಅಡುಗೆಮನೆಯ ಪದಾರ್ಥ ಕೋಟೆ ಕಾಯ್ದ ಕಥೆ ನನಗೆ ಹಿಡಿಸಿತು. ರಾತ್ರಿ ಹದಿನೆಂಟು ರಿಯಾಲಿನ ಕೋಣೆ. ಒಂದು ರಿಯಾಲ್‌ಗೆ ಒಂಬತ್ತೂವರೆ ದಿರ್ಹಮ್, ಲೆಕ್ಕ ಹಾಕಿದರೆ ನಿದ್ದೆ ಬರುವುದಿಲ್ಲವೆಂದು ಹಾಕಲಿಲ್ಲ.

ಭಾನುವಾರ ಬೆಳಿಗ್ಗೆ ಊರ ಹೊರಗಿನ ಫಲಜ್ ದಾರಿಸ್‌ಗೆ ಹೋದೆವು. ಅದನ್ನು ನೋಡದೆ ಬಂದಿದ್ದರೆ ನಾನು ಈ ತಿಂಗಳ ಅಂಕಣ ಬರೆಯುತ್ತಿರಲಿಲ್ಲ.

ಫಲಜ್ ಅಂದರೆ ನೀರಿನ ಕಾಲುವೆ. ನಮ್ಮ ಏತ ನೀರಾವರಿಯ ಹಾಗೆ ಮೋಟರಿಲ್ಲ, ಪೈಪಿಲ್ಲ. ಗುಡ್ಡದ ಬುಡದಲ್ಲಿ ಒಂದು ಆಳದ ಬಾವಿ ತೋಡುತ್ತಾರೆ, ಅದಕ್ಕೆ ಅವರ ಮಾತಿನಲ್ಲಿ ತಾಯಿ ಬಾವಿ ಎಂದೇ ಹೆಸರು. ಅಲ್ಲಿಂದ ನೆಲದೊಳಗೆ ಸುರಂಗ, ನೂಲಿನಷ್ಟೇ ಇಳಿಜಾರು. ನೀರು ತನ್ನಷ್ಟಕ್ಕೆ ಹರಿದು ಊರ ಬಳಿ ಬೆಳಕಿಗೆ ಬರುತ್ತದೆ. ಪ್ರವಾದಿ ಸುಲೈಮಾನರು ಒಮಾನಿಗೆ ಬಂದಾಗ ಜಿನ್ನ್‌ಗಳಿಂದ ಹತ್ತು ದಿನದಲ್ಲಿ ಹತ್ತು ಸಾವಿರ ಫಲಜ್ ತೋಡಿಸಿದರೆಂದು ಅಲ್ಲಿಯ ಜನರ ಕಥೆ. ಇಂದಿಗೂ ಮೂರು ಸಾವಿರದಷ್ಟು ಫಲಜ್‌ಗಳು ಬಳಕೆಯಲ್ಲಿವೆ. 2006ರಲ್ಲಿ ಯುನೆಸ್ಕೋ ಅವುಗಳಲ್ಲಿ ಐದನ್ನು ಪಟ್ಟಿಗೆ ಸೇರಿಸಿತು. ಆ ಐದರಲ್ಲಿ ದಾರಿಸ್ ಒಂದು.

ಕಾಲುವೆ ದಂಡೆಯಲ್ಲಿ ಕೂತು ಪಾದ ನೀರಿಗಿಟ್ಟೆ. ಡಿಸೆಂಬರಿನ ಬೆಳಗಿನಲ್ಲೂ ನೀರು ಬೆಚ್ಚಗಿತ್ತು. ಅಲ್ಲೇ ಕೂತಿದ್ದ ಒಬ್ಬ ಒಮಾನಿ ಅಜ್ಜ, ನಮ್ಮ ದಖನಿ ಮಾತು ಕೇಳಿ ಹಿಂದಿಯಲ್ಲಿ ಮಾತಿಗಿಳಿದ. ಫಲಜಿನ ನೀರನ್ನು ಅಳೆಯುವುದು ಲೀಟರಿನಲ್ಲಲ್ಲ, ಹೊತ್ತಿನಲ್ಲಿ. ಸುಮಾರು ಅರ್ಧ ಗಂಟೆಯ ಪಾಲಿಗೆ ಒಂದು ಅಥರ್. ಹಗಲು ನೆಲಕ್ಕೆ ನೆಟ್ಟ ಕೋಲಿನ ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ, ಇವರ ಪಾಲು ಮುಗಿಯಿತು, ಇನ್ನು ಅವರದೆಂದು ನೀರು ತಿರುಗಿಸುತ್ತಿದ್ದರು. ಈ ಪಾಲು ಹೊಲಮನೆಯಂತೆಯೇ ವಾರಸಿಗೆ ಬರುತ್ತದೆ, ಹೆಣ್ಣುಮಕ್ಕಳಿಗೂ. ಮಸೀದಿಗೆ ವಕ್ಫ್ ಮಾಡಿದ ಪಾಲೂ ಇರುತ್ತದೆ. ನೀರು ಊರೊಳಗೆ ಬಂದಾಗ ಮೊದಲ ಹಕ್ಕು ಕುಡಿಯುವುದಕ್ಕೆ, ಅಲ್ಲಿ ಯಾರು ಬೇಕಾದರೂ ತುಂಬಿಕೊಳ್ಳಬಹುದು, ಪಾಲಿನ ಲೆಕ್ಕವಿಲ್ಲ. ಆಮೇಲೆ ವುಝೂ, ಆಮೇಲೆ ಸ್ನಾನ, ಪಾತ್ರೆ. ಹೆಂಗಸರ ಸ್ನಾನಕ್ಕೆ ಬೇರೆಯೇ ಮರೆ. ಇಷ್ಟೆಲ್ಲ ಆದ ಮೇಲೆ ತೋಟ.

ನಮ್ಮ ಕಡೆ ಹೇಗೆಂದು ನಿಮಗೆ ಗೊತ್ತು. ಟ್ಯಾಂಕರ್ ಬಂದರೆ ಮೊದಲು ಬಳ್ಳಿಗೆ. ಮನೆಯ ಹೆಂಗಸರು ಕೊಡ ಹಿಡಿದು ಕಾಯುತ್ತಾರೆ.

ಆ ಸುರಂಗ ನೋಡುತ್ತಿದ್ದಂತೆ ನನಗೆ ತೊರವಿ ನೆನಪಾಯಿತು. ಬಿಜಾಪುರದಿಂದ ಟಿಕೋಟಾ ಹಾದಿ ಹಿಡಿದರೆ ಮೊದಲು ಸಿಗುವುದೇ ತೊರವಿ. ಆದಿಲ್ ಶಾಹಿಗಳು ಅಲ್ಲಿಂದ ಶಹರಿಗೆ ಇದೇ ರೀತಿ ನೆಲದೊಳಗಿನ ಕಾಲುವೆಯಲ್ಲಿ ನೀರು ತಂದಿದ್ದರು. ಪರ್ಷಿಯಾದ ಕಾರೇಜ್ ವಿದ್ಯೆ ಅದು, ಬೀದರಿನ ನೌಬಾದಿನಲ್ಲೂ ಇದೆ. ಚಿಕ್ಕವರಿದ್ದಾಗ ಬಸ್ಸಿನಲ್ಲಿ ಆ ಹಾದಿ ಹೋಗುವಾಗ "ಸುರಂಗ ಬಾವಿ ಅದ ನೋಡು, ಅದರಾಗ ಹೋದ್ರ ಸೀದಾ ಗೋಳಗುಮ್ಮಟ" ಎಂದು ಹಿರಿಯರು ಹೇಳುತ್ತಿದ್ದರು. ನಾವು ಕಳ್ಳದಾರಿ ಎಂದುಕೊಂಡಿದ್ದೆವು, ನೀರಿನ ದಾರಿಯೆಂದು ಯಾರೂ ಹೇಳಲಿಲ್ಲ. ಇನ್ನೊಂದು ನೋಡಿ. ಬಿಜಾಪುರದ ಹಳೆಯ ನೀರಿನ ತಾಣಗಳಿಗೆ ಹೆಂಗಸರದೇ ಹೆಸರು. ಚಾಂದ್ ಬಾವಡಿ ಚಾಂದ್ ಬೀಬಿಯದು, ತಾಜ್ ಬಾವಡಿ ತಾಜ್ ಸುಲ್ತಾನಾಳದು, 1651ರ ಬೇಗಂ ತಲಾಬ್ ಜಹಾನ್ ಬೇಗಂಳದು. ಹೆಸರು ರಾಣಿಯರದು, ಕೊಡ ಹೊತ್ತವರು ನಮ್ಮ ನಿಮ್ಮಂಥವರು.

ಇದನ್ನೆಲ್ಲ ಹೇಳುತ್ತಾ ನಾನು ಅಜ್ಜನನ್ನು ಕೇಳಿದೆ, "ಮಧ್ಯೆ ಯಾರಾದರೂ ಬೋರ್ ಕೊರೆದರೆ?" ಅಜ್ಜ ಕೈ ಅಡ್ಡ ಆಡಿಸಿದ. ತಾಯಿ ಬಾವಿಯ ಸುತ್ತ ಕಿಲೋಮೀಟರುಗಟ್ಟಲೆ ಹೊಸ ಬಾವಿ ತೋಡುವ ಹಾಗಿಲ್ಲ, ಸರ್ಕಾರದ ಕಟ್ಟಪ್ಪಣೆ. ಒಬ್ಬನು ಆಳಕ್ಕೆ ಹೋದರೆ ಊರೇ ಒಣಗುತ್ತದೆ ಅಂದ.

ಅಜ್ಜ ಎದ್ದು ಹೋದ ಮೇಲೆ ನಮ್ಮವರು ಬಹಳ ಹೊತ್ತು ನೀರನ್ನೇ ನೋಡುತ್ತಿದ್ದರು. ಆಮೇಲೆ ಅಂದರು: "ಆರು ಬೋರ್ ಹಾಕಿಸಿದ್ವಿ. ನಮ್ಮ ಲಗ್ನದ ಹಿಂದಿನ ವರ್ಷ. ಬಾಜೂ ಹೊಲದಾವ್ರು ನಾಲ್ಕನೂರ್ ಅಡಿ ಹೋದ್ರ ನಾವು ಐದನೂರು, ಅವ್ರು ಐದನೂರು ಅಂದ್ರ ನಾವು ಆರನೂರು. ಐದು ಬರೇ ಧೂಳು. ಆ ಸಾಲ ಅದು."

"ಯಾವ ಸಾಲ?" ಎಂದೆ.

"ಕಂತು ಕಟ್ಟತೀವಲ್ಲ, ಅದು."

ಸೋದರಿಯರೇ, ಈ ಸಾಲದ ಬಗ್ಗೆ ನನಗೆ ಹೇಳಿದ್ದು ಬೇರೆ. ಅದು ನಾದಿನಿಯ ಮದುವೆಯ ಸಾಲವೆಂದೇ ಹನ್ನೊಂದು ವರ್ಷ ನಾನು ತಿಳಿದಿದ್ದೆ. ಮದುವೆಗೆ ಮುಂಚೆ ಬೋರಿಗೆ ಸಾಲವಿದೆಯೆಂದರೆ ಹೆಣ್ಣು ಕೊಡುವುದಿಲ್ಲವೆಂದು ನಮ್ಮ ತಂದೆಯವರ ಮುಂದೆ ಹಾಗೆ ಹೇಳಿದ್ದರಂತೆ. ಆಮೇಲೆ ಬಿಡಿಸಿ ಹೇಳಲು ಧೈರ್ಯ ಬರಲಿಲ್ಲವಂತೆ. ನಾವು ಮನೆಯಲ್ಲಿ ಆಡುವುದು ದಖನಿ. ನನಗೆ ಸಿಟ್ಟು ಬಂದರೆ ಮಾತ್ರ ಕನ್ನಡ. ಅಂದು ಫಲಜಿನ ದಂಡೆಯ ಮೇಲೆ ಬಿಜ್ಜರಗಿಯ ಕನ್ನಡ ಧಾರಾಳವಾಗಿ ಹರಿಯಿತು.

"ನಿಮ್ಮ ತಂಗಿ ಮ್ಯಾಲ ಹನ್ನೊಂದ ವರ್ಷ ಸಿಟ್ಟ ಇಟ್ಕೊಂಡೀನ್ರಿ ನಾನು. ಆಕೀ ಹಬ್ಬಕ್ಕ ಬಂದ್ರ ನೆಟ್ಟಗ ಮಾತಾಡಿಲ್ಲ. ಆಕೀ ಮೈಮ್ಯಾಲಿನ ಬಂಗಾರ ನೋಡಿದಾಗೊಮ್ಮೆ ನನ್ನ ದುಡ್ಡು ಅಂತ ಲೆಕ್ಕ ಹಾಕೀನಿ. ಆ ಪಾಪ ಯಾರ ತಲಿಗೆ?"

ಅವರು ಉತ್ತರ ಕೊಡಲಿಲ್ಲ. ಕೊಡಲು ಇರಲೂ ಇಲ್ಲ. ನಾನು ಎದ್ದು ಕಾಲುವೆಯುದ್ದಕ್ಕೂ ಹೋಗಿ ಖರ್ಜೂರದ ತೋಟದವರೆಗೆ ನಡೆದುಬಂದೆ. ಅಲ್ಲಿ ಬಾಂಗ್ಲಾದೇಶದ ಒಬ್ಬ ಹುಡುಗ ಬಟ್ಟೆ ತುರುಕಿದ ಕಲ್ಲು ಸರಿಸಿ ಒಂದು ಮಡಿಯಿಂದ ಇನ್ನೊಂದಕ್ಕೆ ನೀರು ತಿರುಗಿಸುತ್ತಿದ್ದ. ಅವನ ಮನೆಯವರಿಗೆ ಅವನು ಏನೇನು ಹೇಳಿ ಬಂದಿರುವನೋ ಅಂದುಕೊಂಡೆ. ಸಾಲ ತೀರಿಸಲೆಂದೇ ಈ ಕಡೆ ಬರುವ ಗಂಡಸರು ಎಷ್ಟು, ಅದರ ಪೂರ್ತಿ ಲೆಕ್ಕ ಗೊತ್ತಿರುವ ಹೆಂಡತಿಯರು ಎಷ್ಟು? ನನಗೆ ಸಿಟ್ಟು ಬಂದದ್ದು ಸಾಲಕ್ಕಲ್ಲ. ಬೋರು ಬತ್ತುವುದು ಯಾರ ತಪ್ಪೂ ಅಲ್ಲ. ಡಬ್ಬಿಯಲ್ಲಿ ಹತ್ತು ಹತ್ತು ದಿರ್ಹಮ್ ಕೂಡಿಡುವವಳಿಗೆ ಮನೆಯ ಲೆಕ್ಕ ಹೇಳಬಾರದೆಂದು ಒಬ್ಬರೇ ತೀರ್ಮಾನ ಮಾಡಿದ್ದಕ್ಕೆ.

ವಾಪಸ್ ಬರುವ ದಾರಿಯಲ್ಲೂ ಮೊದಲು ಮೌನವೇ. ಆದರೆ ಇದು ಬರುವಾಗಿನ ಮೌನವಲ್ಲ. ಇಬ್ರಿಯ ಬಳಿ ಒಂದು ಪೆಟ್ರೋಲ್ ಬಂಕಿನ ಮಸೀದಿಯಲ್ಲಿ ಹೆಂಗಸರ ಕೋಣೆಗೆ ಬೀಗ. ಕಾರಿನ ಪಕ್ಕದಲ್ಲಿ ಮುಸಲ್ಲಾ ಹಾಸಿ ಝುಹರ್, ಅಸರ್ ಜೊತೆಗೇ ಮಾಡಿದೆ. ಬಿಸಿಲಿಗೆ ಅವರು ಶಾಲು ಹಿಡಿದು ನಿಂತರು. ಆಮೇಲೆ ರೊಟ್ಟಿಯ ಗಂಟು ಬಿಚ್ಚಿದೆ. ಗಡಿ ಬರುವವರೆಗೆ ಅವರು ಒಂದೊಂದೇ ಬೋರಿನ ಕಥೆ ಹೇಳಿದರು. ಯಾವ ಹೊಲದ ಮೂಲೆ, ಯಾರು ತೆಂಗಿನಕಾಯಿ ಹಿಡಿದು ನೀರು ತೋರಿಸಿದರು, ರಾತ್ರಿಯಿಡೀ ಯಂತ್ರದ ಸದ್ದಿಗೆ ಅತ್ತೆಯವರು ಹೇಗೆ ತಸ್ಬೀಹ್ ಹಿಡಿದು ಕೂತಿದ್ದರು, ಬೆಳಗಿನ ಜಾವ ಬಿಳಿ ಧೂಳು ಎದ್ದಾಗ ಮಾವನವರು ಹೇಗೆ ಮಾತಿಲ್ಲದೆ ಮನೆಗೆ ನಡೆದರು. ಹನ್ನೊಂದು ವರ್ಷದಲ್ಲಿ ಅವರು ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದು ನನಗೆ ಗೊತ್ತಿಲ್ಲ.

ಸೋಮವಾರ ನಾದಿನಿಗೆ ಫೋನ್ ಮಾಡಿದೆ. ಅವಳ ಮನೆ ಬಬಲೇಶ್ವರದಲ್ಲಿ. ಏನು ಹೇಳಬೇಕೆಂದು ರಾತ್ರಿಯೆಲ್ಲ ಯೋಚಿಸಿದ್ದೆ, ಒಂದೂ ಬಾಯಿಗೆ ಬರಲಿಲ್ಲ. "ಏನ ಭಾಭಿ, ಇಷ್ಟ ದಿನಕ್ಕ ನೆನಪಾತೇನು?" ಅಂದಳು. ನಾನು ನಿಜ್ವಾದ ಕೋಟೆಯಲ್ಲಿ ಖರ್ಜೂರದ ಪಾಕ ಇಳಿಸುವುದನ್ನು ಹೇಳಿದೆ. ಅವಳು ತಮ್ಮ ಶೆಡ್ಡಿನಲ್ಲಿ ದ್ರಾಕ್ಷಿಯನ್ನು ಡಿಪ್ಪಿಂಗ್ ಆಯಿಲಿನಲ್ಲಿ ಅದ್ದಿ ಬಲೆಯ ಮೇಲೆ ಹರವುವ ಕೂಲಿ ಎಷ್ಟು ಏರಿದೆಯೆಂದು ಹೇಳಿದಳು. ಮುಕ್ಕಾಲು ಗಂಟೆ ಮಾತಾಡಿದೆವು. ಸಾಲದ ಸಂಗತಿ ಅವಳಿಗೆ ಹೇಳಿಲ್ಲ. ಹೇಳಬೇಕೋ ಬೇಡವೋ ಇನ್ನೂ ತಿಳಿಯದು.

ಆ ವಾರವೇ ನಮ್ಮವರು ಒಂದು ನೋಟ್‌ಬುಕ್ ತಂದರು. ಬರುವುದು, ಹೋಗುವುದು, ಸಾಲ, ಎಲ್ಲ ಅದರಲ್ಲಿ ಅವರದೇ ಕೈಬರಹದಲ್ಲಿದೆ. ಅದು ಈಗ ಅಡುಗೆಮನೆಯಲ್ಲಿ, ಕ್ಯಾಲೆಂಡರಿನ ಪಕ್ಕದ ಮೊಳೆಗೆ ನೇತಾಡುತ್ತದೆ. ಮೊದಲ ಪುಟದ ಮೊದಲ ಎರಡು ಸಾಲು: ಟ್ಯಾಂಕರ್, 1,000. ನಿಜ್ವಾ, 740.

ಟ್ಯಾಂಕರ್ ನೀರಿಗೆ ತೋಟ ಅರ್ಧ ಉಳಿಯಿತು. 2024ರ ರಮಝಾನಿನ ಕೊನೆಯ ವಾರ ಊರಿನಿಂದ ಬಂದವರೊಬ್ಬರ ಕೈಯಲ್ಲಿ ನಾದಿನಿ ಎರಡು ಕಿಲೋ ಮಣೂಕ ಕಳಿಸಿದ್ದಳು. ಒಂದು ಕಿಲೋ ಭಟ್ಕಳದ ಆಪಾಗೆ ಕೊಟ್ಟೆ. ಉಳಿದದ್ದು ಈದ್‌ನ ಶೀರ್ ಖುರ್ಮಾಕ್ಕೆ ಆಯಿತು. ಮಸ್ಕತ್‌ನ ಜಮಖಾನೆಯನ್ನು ಇನ್ನೂ ನೋಡಿಲ್ಲ. ಡಬ್ಬಿಯಲ್ಲಿ ಈಗ 1,150 ದಿರ್ಹಮ್ ಇದೆ, ನೋಟ್‌ಬುಕ್‌ನಲ್ಲೂ ಅಷ್ಟೇ ಇದೆ.